ಮೂವತ್ತೊಂದನೇ ಕಗ್ಗಂಟು

ಬೀಗ ರಿಪೇರಿಯವನಿಗೆ ಬೀದಿ ಇಟ್ಟ ಹೆಸರು ಕೀಲಿಯಣ್ಣ. ಅಂಗಡಿಯಲ್ಲಿ ಅರ, ಇಕ್ಕಳಗಳ ಪಕ್ಕದಲ್ಲೇ ಒಂದು ಹಳೇ ಕಂಪ್ಯೂಟರ್. ಹೊಸ ಚೆಸ್ ಪ್ರೋಗ್ರಾಂ ಯಾವುದೇ ಬರಲಿ, ಅದರ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ಯಾರ್ಯಾರೋ ಆಡಿದ ಆಟಗಳಿಂದ ನಲವತ್ತು ಕಗ್ಗಂಟು ಆರಿಸಿಟ್ಟಿದ್ದ. ಒಂದೊಂದಕ್ಕೂ ಹತ್ತೇ ನಿಮಿಷ. ಅಷ್ಟರಲ್ಲಿ ಗೆಲ್ಲುವ ನಡೆ ಹುಡುಕಿದರೆ ಪಾಸು, ಇಲ್ಲವಾದರೆ ಆಫ್.

"ನಮ್ಮನ್ನ ಗಂಟೆಗಟ್ಲೆ ಕಾಯಿಸ್ತೀಯ, ಮಿಷನ್ನಿಗೆ ಹತ್ತೇ ನಿಮಿಷಾನಾ?" ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು.

ಮೂವತ್ತೊಂದನೆಯದು ಅವನ ತಂಗಿಯ ಆಟ. ಆಗ ಅವಳಿಗೆ ಹದಿನೈದು, ಆಟ ಕಲಿಸಿದವನು ಇವನೇ. ಪಂದ್ಯಾವಳಿಯೊಂದರ ಫೈನಲ್ಲಿನಲ್ಲಿ ಅವಳು ರಾಣಿಯನ್ನೇ ಎದುರಾಳಿಯ ಬಾಯಿಗಿಟ್ಟು, ಅದು ಹೋದ ಮೇಲೆ ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತ ಕೂತಳು. ಇವನಿಗೆ ಮೈಯೆಲ್ಲ ಉರಿದುಹೋಯಿತು. ನೋಡುಗರನ್ನು ತಳ್ಳಿಕೊಂಡು ಮೇಜಿನ ಹತ್ತಿರ ಹೋಗಿ, "ಏಳು, ಮಾನ ಕಳೆದದ್ದು ಸಾಕು" ಅಂದ. ಅವಳು ಸೋಲೊಪ್ಪಿ ಎದ್ದಳು. ಮತ್ತೆ ಕಾಯಿ ಮುಟ್ಟಲಿಲ್ಲ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಳು.

ಇಪ್ಪತ್ತೆರಡು ವರ್ಷದಲ್ಲಿ ಬಂದ ಪ್ರೋಗ್ರಾಂಗಳೆಲ್ಲ ಒಂದೇ ಮಾತು ಹೇಳಿದವು: ರಾಣಿ ದಂಡ, ಗೆಲುವಿಲ್ಲ. ಇದೊಂದಕ್ಕೆ ಮಾತ್ರ ಅವನಿಗೆ ಬೇಕಿದ್ದ ಉತ್ತರವೂ ಅದೇ. ತಪ್ಪು ತನ್ನದಲ್ಲ ಅನ್ನುವ ಸರ್ಟಿಫಿಕೇಟನ್ನು ಇವನು ಹೀಗೆ ನವೀಕರಿಸಿಕೊಳ್ಳುತ್ತಲೇ ಇದ್ದ.

ಮೊನ್ನೆ ಮೂವತ್ತೊಂದು ಓಡುತ್ತಿದ್ದಾಗ ಮಗು ಒಳಗಿನಿಂದ ಬಾಗಿಲು ಹಾಕಿಕೊಂಡಿದೆ ಅಂತ ಯಾರೋ ಬಂದು ಕರೆದೊಯ್ದರು. ಆಫ್ ಮಾಡುವುದು ಮರೆತ. ವಾಪಸು ಬಂದು ನೋಡಿದರೆ, ಹದಿನಾಲ್ಕನೇ ನಿಮಿಷದಲ್ಲಿ ಪ್ರೋಗ್ರಾಂ ಮಾತು ಬದಲಿಸಿತ್ತು. ಗೆಲುವು ಅವಳದೇ.

ಅಂಗಡಿ ಮುಚ್ಚಿ ನೇರ ತಂಗಿಯ ಬಳಿ ಹೋದ.

"ಏನಣ್ಣ, ಮಟಮಟ ಮಧ್ಯಾಹ್ನ ಬಾಗ್ಲು ಹಾಕಿದ್ದೀಯ? ಯಾರ್ ಸತ್ರು?"

"ನಿನ್ ಆಟ... ಗೆಲ್ತಿತ್ತು ಕಣೇ."

ಹೊಲಿಗೆ ಮಿಷನ್ನಿನ ಚಕ್ರ ನಿಂತಿತು. "ಅಂಚಿನ ಕಾಲಾಳು, ಒಂದ್ ಮನೆ ಮುಂದೆ. ಅದೇ ತಾನೆ?"

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತ. "ಗೊತ್ತಿತ್ತಾ? ಮತ್ಯಾಕೆ ಎದ್ದೆ?"

"ಇನ್ನೊಂದ್ಸಲ ಲೆಕ್ಕ ಸರಿ ನೋಡ್ತಿದ್ದೆ. ನೀನು ಏಳು ಅಂದೆ."

"ಇಷ್ಟ್ ವರ್ಷ ಬಾಯೇ ಬಿಡ್ಲಿಲ್ವಲ್ಲೇ!"

"ನೀನು ಮಿಷನ್ನುಗಳನ್ನ ಕೇಳ್ದೆ. ನನ್ನನ್ನೆಲ್ಲಿ ಕೇಳ್ದೆ?" ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. "ಅದಕ್ಕೆ ಎಷ್ಟ್ ಹೊತ್ತು ಹಿಡೀತು?"

"ಹದಿನಾಲ್ಕು ನಿಮಿಷ."

"ನಂಗೆ ನೀನು ಎರಡೇ ಕೊಟ್ಟಿದ್ದೆ, ಅಣ್ಣ. ಆ ಕತ್ತರಿ ಕೊಡಿಲ್ಲಿ."

ಕೊಟ್ಟ. ಚಕ್ರ ಮತ್ತೆ ತಿರುಗಿತು. ಏಳು ಅಂತ ಅವಳೇನೂ ಹೇಳಲಿಲ್ಲ. ಸಂಜೆಯವರೆಗೂ ಅವನು ಅಲ್ಲೇ ಕೂತಿದ್ದ.