ಅಂಜನಾಪುರದ ಹೊಲಿಗೆ ಕೇಂದ್ರ ನೋಡಿ ಬಂದದ್ದು

ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆಯಿಂದ ಬೆಳಿಗ್ಗೆಯೇ ಹೊರಟು ಬಸ್ಸಿನಲ್ಲಿ ಜಯನಗರಕ್ಕೆ ಬಂದೆ. ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಿಂದ ಬಂದು ಒಂದು ಸೇವಾ ಸಂಸ್ಥೆಯಲ್ಲಿ ಅನುವಾದಕಿಯಾಗಿದ್ದೆ. ವಿದೇಶಿ ನೆರವಿನಲ್ಲಿ ನಡೆಯುತ್ತಿದ್ದ ನಮ್ಮ ಅಂಜನಾಪುರದ ಹೊಲಿಗೆ ಕೇಂದ್ರವನ್ನು ನೋಡಲು, ಹಣ ಕೊಡುವವರ ಕಡೆಯಿಂದ ಮಾರ್ಟಿನ್ ಎಂಬುವವರು ಬಂದಿದ್ದರು. ಅವರು ಒಪ್ಪಿದರೆ ಕೇಂದ್ರ ಉಳಿಯುತ್ತಿತ್ತು.

ಜಯನಗರದಲ್ಲಿ ಅವರನ್ನು ಕಂಡು, ಇಬ್ಬರೂ ದರ್ಶಿನಿ ಹೋಟೆಲಿನಲ್ಲಿ ನಿಂತೇ ಇಡ್ಲಿ ತಿಂದು ಬಾಡಿಗೆಯ ಅಂಬಾಸಿಡರ್ ಹತ್ತಿದೆವು. ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದಾಗ ಗಾಳಿ ತಂಪಾಯಿತು. ನಮ್ಮ ಹಣದಿಂದ ನಿಮ್ಮ ಜನ ನಿಜವಾಗಿ ಮುಂದೆ ಬರುತ್ತಿದ್ದಾರೆಯೇ ಎಂದು ಮಾರ್ಟಿನ್ ಕೇಳಿದರು. ಹೌದು ಎಂದೆ. ಆಗ ನನಗೆ ಅನುಮಾನವಿರಲಿಲ್ಲ.

ಕೇಂದ್ರದಲ್ಲಿ ಟೀಚರ್ ಶಾರದಕ್ಕ ಒಬ್ಬರೇ ಇದ್ದರು. ಯಂತ್ರಗಳಿಗೆಲ್ಲ ಬಟ್ಟೆ ಹೊದಿಸಿತ್ತು. ಕಲಿತವರೆಲ್ಲ ಗಾರ್ಮೆಂಟ್ಸ್ ಕಾರ್ಖಾನೆ ಸೇರಿದ್ದಾರೆ, ತಿಂಗಳಾದರೆ ಸಂಬಳ ಬರುತ್ತದೆ ಎಂದರು. ಮಾರ್ಟಿನ್ ಮುಖ ಅರಳಿತು. ಆದರೆ ಈಗ ಹೊಸಬರು ನೇರವಾಗಿ ಅಲ್ಲಿಗೇ ಹೋಗುತ್ತಾರೆ, ಕೆಲಸವನ್ನು ಅಲ್ಲೇ ಕಲಿಸುತ್ತಾರೆ ಎಂದು ಶಾರದಕ್ಕ ಹೇಳಿದಾಗ ಮಾರ್ಟಿನ್ ಗೊಂದಲಕ್ಕೆ ಬಿದ್ದರು. ಹಾಗಾದರೆ ಈ ಹೆಂಗಸರನ್ನು ಮುಂದೆ ತಂದದ್ದು ನೆರವೋ, ಕಾರ್ಖಾನೆಯೋ ಎಂದು ಕೇಳಿದರು.

ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ಶಾರದಕ್ಕ ಯಂತ್ರವೊಂದರ ಹೊದಿಕೆ ಸರಿಮಾಡುತ್ತ ಹೇಳಿದರು.

"ಅದು ನಂಗೂ ಗೊತ್ತಿಲ್ಲ ಮೇಡಂ. ಆದ್ರೆ ಮೊದಲು ಆ ಹೆಣ್ಮಕ್ಕಳನ್ನ ಮನೆಯಿಂದ ಆಚೆ ಕಳಿಸ್ತಾನೇ ಇರ್ಲಿಲ್ಲ. ಇಲ್ಲಿಗೆ ಬಂದು ರೂಢಿಯಾದ್ಮೇಲೆ ಅಲ್ಲಿಗೆ ಬಿಟ್ರು."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಟಿನ್ ಬಾಗಿಲ ಬಳಿ ಹೋಗಿ ನನ್ನತ್ತ ತಿರುಗಿದರು. ಕೇಂದ್ರ ತನ್ನ ಕೆಲಸ ಮುಗಿಸಿದೆ, ಗೆದ್ದಿದೆ, ಆದ್ದರಿಂದ ಇನ್ನು ಹಣ ಕೊಡುವ ಅಗತ್ಯವಿಲ್ಲ ಎಂದರು. ಅದನ್ನು ಶಾರದಕ್ಕನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಇದ್ದದ್ದನ್ನು ಇದ್ದಂತೆಯೇ ಹೇಳಿದೆ.

"ಅಂದ್ರೆ, ಚೆನ್ನಾಗಿ ಕಲಿಸಿದ್ದಕ್ಕೆ ನನ್ನ ಕೆಲಸ ಹೋಯ್ತಾ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ಮಾರ್ಟಿನ್‌ಗೆ ಆ ಮಾತನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆ ವಾಪಸ್ ಬರುವಾಗ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಮುಂದೆ ಕಾರು ನಿಂತಿತು. ಶಿಫ್ಟ್ ಬಿಟ್ಟು ನೂರಾರು ಹೆಂಗಸರು ಊಟದ ಚೀಲ ಹಿಡಿದು ರಸ್ತೆ ದಾಟುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ಇವರಲ್ಲಿ ನಮ್ಮ ಕೇಂದ್ರದವರು ಯಾರು ಎಂದು ಮಾರ್ಟಿನ್ ಮೆಲ್ಲಗೆ ಕೇಳಿದರು. ಗೊತ್ತಿಲ್ಲ ಎಂದೆ. ಕಾರು ಮುಂದೆ ಹೋದ ಮೇಲೂ ನಾವಿಬ್ಬರೂ ಹಿಂದಿನ ಗಾಜಿನಲ್ಲಿ ಅವರನ್ನೇ ನೋಡುತ್ತಿದ್ದೆವು.