ಕಲ್ಲಿಗಿಟ್ಟ ಹೆಸರು

ಅಟ್ಟದ ಮೂಲೆಯಲ್ಲಿದ್ದ ಗಂಟು ಬಿಚ್ಚಿದಾಗ ಮೊದಲು ಬಂದದ್ದು ಹರಳೆಣ್ಣೆಯ ವಾಸನೆ. ಮೇಲೊಂದು ಹಸಿರು ರವಿಕೆ ಕಣ, ಅದರೊಳಗೆ ಹಳೆಯ ಸೀರೆಯ ತುಂಡು, ಅದರೊಳಗೆ ಖಾರ ಅರೆಯುವ ಗುಂಡುಕಲ್ಲು. ಇಪ್ಪತ್ತೈದು ವರ್ಷಗಳಿಂದ ಯಾರೂ ಎಣ್ಣೆ ಮುಟ್ಟಿಸದ ಕಲ್ಲಿನಲ್ಲಿ ಆ ವಾಸನೆ ಹೇಗೆ ಉಳಿದುಕೊಂಡಿತ್ತೋ ಗೊತ್ತಿಲ್ಲ. ತುಮಕೂರಿನ ನಮ್ಮ ಮನೆಯಲ್ಲಿ ಸ್ಟೂಲಿನ ಮೇಲೆ ನಿಂತವಳು ಅಲ್ಲೇ ಬಗ್ಗಿ ಅದನ್ನು ಮೂಸಿದೆ. ಗುಬ್ಬಿಯ ನಮ್ಮ ಓಣಿ, ಆಚೆಮನೆಯ ಜಗುಲಿ, ಜಗುಲಿಯ ಮೇಲೆ ಕಾಲು ಚಾಚಿ ಕೂತ ಅಜ್ಜಿ...

ಕಲ್ಲು ಬೇಕಾಗಿದ್ದು ನನ್ನ ತಮ್ಮನ ಮಗಳ ನಾಮಕರಣಕ್ಕೆ. ಶಾಸ್ತ್ರ ಕುಣಿಗಲ್‌ನಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಅಲ್ಲಿ ಮಿಕ್ಸಿ ಬಂದಮೇಲೆ ಗುಂಡುಕಲ್ಲು ಎಲ್ಲಿ ಹೋಯಿತೆಂದು ಯಾರಿಗೂ ನೆನಪಿಲ್ಲ. ತೊಟ್ಟಿಲು ಅಲಂಕಾರ ಮಾಡುವವರು ಥರ್ಮಾಕೋಲಿನ ಗುಂಡು ತರುತ್ತೇವೆ ಎಂದಿದ್ದರಂತೆ. ಅದನ್ನು ಕೇಳಿ ನನ್ನ ಅಮ್ಮನಿಗೆ ರೇಗಿಹೋಯಿತು. ಅಟ್ಟದ ಮೇಲೆ ಆಚೆಮನೆ ಅಜ್ಜಿಯ ಕಲ್ಲಿದೆ ನೋಡು ಎಂದು ನನ್ನನ್ನು ಹತ್ತಿಸಿದವಳು ಅವಳೇ.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನಾನೋ ಒಂದು ವಾರದಿಂದ ಹೇಳುವುದಿಲ್ಲ ಎಂದು ಹಠ ಹಿಡಿದು ಕೂತಿದ್ದೆ. ತಮ್ಮನೂ ಅವನ ಹೆಂಡತಿಯೂ ಆರಿಸಿದ್ದ ಹೆಸರು ‘ಅರಿವು’. ಹುಡುಗನಿಗೂ ಇಡಬಹುದು, ಹುಡುಗಿಗೂ ಇಡಬಹುದು, ಅದಕ್ಕೇ ಆರಿಸಿದ್ದು ಎಂದರು. ಅರಿವಮ್ಮ ಅನ್ನಬೇಕೋ ಅರಿವಪ್ಪ ಅನ್ನಬೇಕೋ ಎಂದು ಅಮ್ಮ ಗೇಲಿ ಮಾಡಿದಳು. ನಾನು ಗೇಲಿ ಮಾಡಲಿಲ್ಲ, ಸಿಟ್ಟಾದೆ. ಅಂಥ ಹೆಸರು ಹೊತ್ತು ಹದಿನೈದು ವರ್ಷ ಓಡಾಡಿದವಳು ನಾನು. ಸುಟ್ಟುಕೊಂಡವರಿಗೇ ಗೊತ್ತು ಬಿಸಿ.

ತಮ್ಮನ ಹೆಂಡತಿ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವವಳು. ಡಿಪ್ಲೊಮಾ ಮುಗಿಸಿ ಮೆಷಿನ್ ಸೆಕ್ಷನ್‌ಗೆ ಅರ್ಜಿ ಹಾಕಿದಾಗಲೆಲ್ಲ ಹೆಣ್ಣಿನ ಹೆಸರು ನೋಡಿಯೇ ಪ್ಯಾಕಿಂಗ್‌ಗೆ ಕಳಿಸುತ್ತಿದ್ದರಂತೆ. ಮಗಳು ಯಾರೆಂದು ಅವಳ ಹೆಸರು ಮುಂಚೆಯೇ ಹೋಗಿ ಚಾಡಿ ಹೇಳುವುದು ಬೇಡ ಎನ್ನುವುದು ಅವಳ ವಾದ. ನನ್ನ ಹಳೆಯ ಕಥೆಯನ್ನು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು.

“ನಗೋರು ನಕ್ರು ಅಂತ ನೀವ್ಯಾಕೆ ಹೆಸ್ರು ಬಿಟ್ರಿ ಅಕ್ಕ?”

ಮಾರನೆಯ ದಿನ ಅಟ್ಟದಿಂದ ಈ ಕಲ್ಲು ಇಳಿಯಿತು...

ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಕುಲಾವಿ ಕಟ್ಟಿ, ತೊಟ್ಟಿಲ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸಿ, ಹೆಸರು ಕೂಗಿ ಮಲಗಿಸುವುದು ನಮ್ಮ ಕಡೆಯ ಶಾಸ್ತ್ರ. ದೃಷ್ಟಿ ಏನಿದ್ದರೂ ಕಲ್ಲಿಗೆ ತಗುಲಲಿ, ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕಲ್ಲಿತ್ತು. ಆದರೂ ನಮ್ಮ ಓಣಿಯ ನಾಮಕರಣಗಳಿಗೆ ಆಚೆಮನೆ ಅಜ್ಜಿಯ ಕಲ್ಲೇ ಬೇಕು. ಅದರ ಕಾಲ್ಗುಣ ಒಳ್ಳೆಯದಂತೆ. ಕಲ್ಲಿಗೆ ಕಾಲು ಎಲ್ಲಿಂದ ಬಂತೋ, ಹೆಂಗಸರಂತೂ ಹಾಗೇ ಹೇಳುತ್ತಿದ್ದರು.

ಹಿಂದಿನ ದಿನವೇ ಅಜ್ಜಿ ಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ಮಗುವಿಗೆ ತಿಕ್ಕುವಂತೆಯೇ, ಆತುರವಿಲ್ಲದೆ, ಬಿಸಿಲು ಜಗುಲಿಯಿಂದ ಇಳಿದು ಹೋಗುವವರೆಗೆ. ಬೆಳಿಗ್ಗೆ ಅದನ್ನು ಹಸಿರು ಕಣದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಾಮಕರಣದ ಮನೆಯವರೆಗೂ ಬರುತ್ತಿದ್ದಳು. ಹೊಸ್ತಿಲಲ್ಲಿ ಯಾರೋ ಕಲ್ಲನ್ನು ಇಸಿದುಕೊಳ್ಳುತ್ತಿದ್ದರು. ಕಲ್ಲು ಒಳಗೆ ಹೋಗುತ್ತಿತ್ತು, ಅಜ್ಜಿ ಹೊರಗೆ ಉಳಿಯುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳು ತೊಟ್ಟಿಲು ಮುಟ್ಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೀವಿಲ್ಲೇ ಗಾಳಿಗೆ ಕೂತ್ಕಳಿ ಎಂದು ಚಾಪೆ ಹಾಸಿಕೊಡುತ್ತಿದ್ದರು. ಒಳಗಿನಿಂದ, ಕಲ್ಲಿಗೇನು ಹೆಸರು ಎಂದು ಕೇಳಿದಾಗ ಅಜ್ಜಿ ಚಾಪೆಯಿಂದಲೇ ‘ಮಣಿ’ ಎಂದು ಕೂಗುತ್ತಿದ್ದಳು. ಅಷ್ಟೇ ಅವಳ ಪಾಲು.

ನನಗಿಂತ ಮುಂಚೆ ಅಮ್ಮ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ನನ್ನ ನಾಮಕರಣದ ದಿನ ಅವಳಿಗೆ ಏನನ್ನಿಸಿತೋ, ಬಾಣಂತಿ ಎದ್ದು ಹೊಸ್ತಿಲಿಗೆ ಬಂದು ಅಜ್ಜಿಯ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆತಂದಳಂತೆ. ನನ್ನ ಸೋದರತ್ತೆ ಮುಖ ಊದಿಸಿಕೊಂಡಳು, ಯಾರೋ ಎದ್ದು ಹೋದರು. ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ ಹೆಸರು ಮಣಿ. ಆವತ್ತಿನಿಂದ ಅವಳ ಕಲ್ಲನ್ನು ಎಲ್ಲರ ಮನೆಯ ಕಲ್ಲಿನ ಹಾಗೆ ಗುಂಡಪ್ಪ ಎಂದೇ ಕರೆದರು. ಕಲ್ಲಿನ ಹೆಸರು ನನಗೆ ಬಂದಿತ್ತು.

ಇನ್ನೂ ಚಿಕ್ಕವಳಿದ್ದಾಗ ಒಮ್ಮೆ ಅಜ್ಜಿಯ ಪಕ್ಕ ಕೂತು ಅದು ಯಾಕೆ ಇದೇ ಹೆಸರು ಎಂದು ಕೇಳಿದ್ದೆ. ಅವಳ ಬೆರಳು ಕಲ್ಲಿನ ಮೇಲೆ ಓಡಾಡುತ್ತಲೇ ಇತ್ತು.

“ಮದ್ವೆಯಾದ್ ವರ್ಸವೇ ಇಟ್ಕಂಡಿದ್ದೆ ಕಣ್ ಮಗಾ. ಗಂಡಾದ್ರೂ ಸರಿ, ಹೆಣ್ಣಾದ್ರೂ ಸರಿ. ಬಂದಿದ್ರೆ ಸಾಕಿತ್ತು.”

ಆಗ ನನಗೆ ಅದರ ಭಾರ ತಿಳಿಯಲಿಲ್ಲ. ಎದ್ದು ಆಡಲು ಹೋದೆ.

ಹೈಸ್ಕೂಲಿಗೆ ಬಂದಾಗ ಆ ಹೆಸರೇ ನನಗೆ ಶನಿಯಾಯಿತು. ಪಟ್ಟಿಯಲ್ಲಿ ನನ್ನನ್ನು ಹುಡುಗರ ಸಾಲಿಗೆ ಸೇರಿಸಿದ್ದರು. ಹಾಜರಿ ಕೂಗಿದಾಗ ಹುಡುಗಿಯರ ಬೆಂಚಿನಿಂದ ‘ಎಸ್ ಸಾರ್’ ಕೇಳಿ ತರಗತಿಯೇ ನಕ್ಕಿತು. ಆಮೇಲೆ ಹುಡುಗರು ದಿನಾ ಕಬಡ್ಡಿಗೆ ಕರೆಯತೊಡಗಿದರು. ಬಾರ್ಲಾ ಮಣಿ, ಮೀಸೆ ಎಲ್ಲಿ ಬಿಟ್ಟು ಬಂದೆ ಎಂದು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬರುತ್ತಿದ್ದರು. ಈಗ ಬರೆಯುವಾಗ ಇದೆಲ್ಲ ಸಣ್ಣದಾಗಿ ಕಾಣುತ್ತದೆ. ಹದಿನಾಲ್ಕನೆಯ ವಯಸ್ಸಿಗೆ ಸಣ್ಣದಾಗಿರಲಿಲ್ಲ. ಊಟ ಬಿಟ್ಟು, ಅತ್ತು, ಅಪ್ಪನನ್ನು ಕಾಡಿ, ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ಹೋಗುವ ಮೊದಲು ಹೆಸರು ಬದಲಿಸಿಕೊಂಡೆ. ಶ್ವೇತಾ. ಯಾರು ಕೇಳಿದರೂ ಹೆಣ್ಣೆಂದು ತಿಳಿಯುವ ಹೆಸರು.

ಅಜ್ಜಿಗೆ ನಾನೇ ಹೋಗಿ ಹೇಳಿದೆ. ಸಂತೋಷದಿಂದ, ಹೊಸ ಲಂಗ ತೋರಿಸುವ ಹಾಗೆ. ಅವಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದಳು. “ಆಯ್ತು ಬುಡು ಮಗಾ. ನಿನ್ ಹೆಸ್ರು ನಿಂದು,” ಅಂದಳು. ಆಮೇಲೆ ಅವಳು ನನ್ನನ್ನು ಮಣಿ ಎಂದೂ ಕರೆಯಲಿಲ್ಲ, ಶ್ವೇತಾ ಎಂದೂ ಕರೆಯಲಿಲ್ಲ. ಬರಿಯ ಮಗಾ.

ಒಂದೆರಡು ತಿಂಗಳ ನಂತರ ಓಣಿಯಲ್ಲೊಂದು ನಾಮಕರಣ. ನಾನು ಒಳಗೆ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದೆ. ಅಜ್ಜಿ ಎಂದಿನಂತೆ ಹೊಸ್ತಿಲಾಚೆ ಚಾಪೆಯ ಮೇಲೆ. ಹೆಂಗಸರು ಕಲ್ಲನ್ನು ಎತ್ತಿಕೊಂಡು ಇನ್ನೇನು ಗುಂಡಪ್ಪ ಎನ್ನಬೇಕು, ಅಷ್ಟರಲ್ಲಿ ಹೊರಗಿನಿಂದ ಅಜ್ಜಿಯ ದನಿ ಬಂತು. ‘ಮಣೀ...’

ನಾನು ‘ಓ’ ಅಂದುಬಿಟ್ಟೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಗಿಲ ಕಡೆ ನೋಡಿದಾಗ ಅಜ್ಜಿ ನಗುತ್ತಿರಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತ ಬೀದಿಯ ಕಡೆ ಮುಖ ತಿರುಗಿಸಿದ್ದಳು. ನಾನು ಬೇಡವೆಂದು ಎಸೆದದ್ದನ್ನು ಅವಳು ಹೆಕ್ಕಿಕೊಂಡು ಮತ್ತೆ ಕಲ್ಲಿಗೆ ಕೊಟ್ಟಿದ್ದಳು. ಅವಳು ಲೋಕದಲ್ಲಿ ಹೆಸರಿಟ್ಟಿದ್ದ ಒಂದೇ ಒಂದು ಮಗು ನಾನು. ಅದು ನನಗೆ ಹೊಳೆದದ್ದು ಆ ತೊಟ್ಟಿಲ ಹಗ್ಗ ಹಿಡಿದು ನಿಂತಾಗಲೇ. ಹೊಳೆದರೂ ಹೊರಗೆ ಹೋಗಿ ಅವಳ ಪಕ್ಕ ಕೂರಲಿಲ್ಲ. ಇವತ್ತಿಗೂ ನನಗೆ ನಾಚಿಕೆಯಾಗುವುದು ಅದಕ್ಕೆ.

ನಾನು ತುಮಕೂರಿನಲ್ಲಿ ಡಿಗ್ರಿ ಓದುವಾಗ ಅಜ್ಜಿ ಹೋದಳು. ಪರೀಕ್ಷೆ ಇತ್ತು, ಹೋಗಲಿಲ್ಲ. ಅವಳ ಮನೆ ಕೆಡವುವಾಗ ಅಮ್ಮ ಕಲ್ಲನ್ನು ಎತ್ತಿಟ್ಟುಕೊಂಡಳು...

ಕುಣಿಗಲ್ ಬಸ್ಸಿನಲ್ಲಿ ಕಲ್ಲು ನನ್ನ ತೊಡೆಯ ಮೇಲಿತ್ತು, ಅದೇ ಹಸಿರು ಕಣದಲ್ಲಿ. ಹಿಂದಿನ ದಿನ ನಾನೇ ಎಣ್ಣೆ ತಿಕ್ಕಿದ್ದೆ. ಗೂಳೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಗಾಳಿ ಬಡಿಯದಂತೆ ಕಿಟಕಿ ಎಳೆದು, ದನಿ ತಗ್ಗಿಸಿ ಕೇಳಿದಳು. “ಮಲ್ಗಿದ್ಯಾ? ಗಂಡಾ, ಹೆಣ್ಣಾ?”

ಕಲ್ಲು ಎಂದು ಹೇಳಲು ಮನಸ್ಸಾಗಲಿಲ್ಲ. ‘ಮಣಿ’ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಚೆನ್ನಾಗಿದೆ ಹೆಸರು ಎಂದು ಕಣದ ಮೇಲೆ ಮೆಲ್ಲಗೆ ತಟ್ಟಿದಳು. ಕಿಟಕಿಯಾಚೆ ತೆಂಗಿನ ತೋಟಗಳು ಹಿಂದೆ ಹಿಂದೆ ಹೋಗುತ್ತಿದ್ದವು. ತಟ್ಟುವ ಆ ಕೈಗೆ ಕಲ್ಲು ಕೂಡ ನಿದ್ದೆ ಹೋದಂತಿತ್ತು, ನನಗೂ ಕಣ್ಣು ಮುಚ್ಚಿಬಂತು. ಗುಬ್ಬಿಯ ಜಗುಲಿಯ ಬಿಸಿಲು ಮೈಮೇಲೆ ಬಿದ್ದಂತೆ...

ಕುಣಿಗಲ್‌ನಲ್ಲಿ ಹೆಂಗಸರು ಕಲ್ಲಿಗೇನು ಹೆಸರು ಎಂದು ಕೇಳಿದರು. ಹೇಳಿದೆ. ‘ಮಣಿ, ಮಣಿ’ ಎನ್ನುತ್ತ ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ತಿರುಗಿ ಹೊಸ್ತಿಲ ಕಡೆ ನೋಡಿದೆ. ಬಂದವರ ಚಪ್ಪಲಿಗಳಿದ್ದವು.

ನನ್ನ ಸರದಿ ಬಂತು. ಕೂಸಿನ ಕಿವಿಯ ಹತ್ತಿರ ಬಗ್ಗಿ ಮೂರು ಸಲ ‘ಅರಿವು’ ಅಂದೆ. ತಮ್ಮನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು. ನಾನು ಬಗ್ಗಿದವಳು ಏಳಲಿಲ್ಲ. ನಾಲ್ಕನೆಯ ಸಲ ಶಾಸ್ತ್ರದಲ್ಲಿಲ್ಲದ ಮಾತೊಂದನ್ನು ಹೇಳಿದೆ, ಅದು ನನ್ನ ಬಾಯಿಂದ ಅಜ್ಜಿಯ ಮಾತಾಗಿಯೇ ಬಂತು.

“ನಿನ್ ಹೆಸ್ರು ನಿಂದು ಮಗಾ. ಯಾರ್ ನಕ್ರೂ ಬುಡಬ್ಯಾಡ.”

ಕಲ್ಲು ಈಗ ತುಮಕೂರಿನ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ, ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಭಾನುವಾರ ಬಿಸಿಲಿರುವಾಗ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತೇನೆ. ಒಮ್ಮೊಮ್ಮೆ ಆಚೆಮನೆಯ ಕಡೆಯಿಂದ ದನಿ ಬಂದಂತಾಗಿ ಕೈ ನಿಲ್ಲುತ್ತದೆ. ‘ಓ’ ಅನ್ನುತ್ತೇನೆ, ಈಗ ಜೋರಾಗಿಯೇ ಅನ್ನುತ್ತೇನೆ. ಕರೆಯಲು ಅಜ್ಜಿಯಿಲ್ಲ.