ಚಿಗಳ್ಳಿಗೆ ಹೋದ ಕಪ್ಪು ಬಾಟಲಿ

ಮನುಷ್ಯನ ಶೀಲ ಪ್ರವಾಸದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರು ಹಳಿಯಾಳದಿಂದ ದಾಂಡೇಲಿಗೆ ಇದ್ದಿಲಿನ ಮೋಟಾರಿನಲ್ಲಿ ಹೋದವರಲ್ಲ. ಹೋಗಿದ್ದರೆ ಮೊದಲು ಪರೀಕ್ಷೆಗೆ ಒಳಗಾಗುವುದು ಟೊಂಕ ಎಂದು ತಿಳಿಯುತ್ತಿತ್ತು. ನನ್ನ ಶೀಲದ ಸರದಿ ಮರುದಿನ ಬಂತು.

ಲಡಾಯಿಯ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮರ್ಯಾದೆಗೆ ಹೇಳುವ ಮಾತು. ಏರು ಬಂದಲ್ಲಿ ನಾವು ಇಳಿದು ನಡೆಯುತ್ತಿದ್ದೆವು, ಮೋಟಾರು ನಮ್ಮ ಹಿಂದೆ ಬರುತ್ತಿತ್ತು.

ಇಂಥ ಪ್ರವಾಸಕ್ಕೆ ಕಾರಣ ನನ್ನ ಅಕ್ಕ. ಮುಂಡಗೋಡದ ಹತ್ತಿರ ಚಿಗಳ್ಳಿಯಲ್ಲಿ ಅವಳಿಗೆ ಚಳಿಜ್ವರ ಬಂದು ಹೋಗಿತ್ತು. ಹೋಗುವಾಗ ಹಸಿವೆಯನ್ನೂ ಕರೆದುಕೊಂಡು ಹೋಗಿತ್ತು. ಗಂಜಿ ಕಂಡರೆ ಗೋಡೆಯ ಕಡೆ ಹೊರಳುತ್ತಾಳೆ, ಎದ್ದು ಕೂಡುವ ತ್ರಾಣವಿಲ್ಲ ಎಂದು ಅವಳ ಗಂಡ, ನನ್ನ ಮಾವ, ಹೇಳಿಕಳಿಸಿದ್ದರು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ನಾನು ಮಾಸ್ತರಿಕೆ ಮಾಡುತ್ತಿದ್ದ ಹಳಿಯಾಳದ ಡಾಕ್ಟರರು ಎಲ್ಲ ಕೇಳಿಕೊಂಡು, ಹೀಗೆಯೇ ಬಿಟ್ಟರೆ ಕೈಮೀರುತ್ತದೆ ಎಂದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಮದ್ದಿನ ಹೆಸರು ಹೇಳಿದರು: ಸ್ಟೌಟ್. ವಿಲಾಯಿತಿಯ ಕಪ್ಪು ಬೀರು. ಅಲ್ಲಿ ಬಾಣಂತಿಯರಿಗೂ ಕೊಡುತ್ತಾರಂತೆ, ಹಸಿವೆ ಹುಟ್ಟುತ್ತದಂತೆ. ದಾಂಡೇಲಿಯಲ್ಲಿ ಸಾಹೇಬರಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಸಿಕ್ಕೀತು, ಹುಳಿ ಬಂದಿದ್ದರೆ ಮಾತ್ರ ಕೊಡಬೇಡಿ, ವಿಷವಾದೀತು ಎಂದರು.

ಲಿಂಗ ಕಟ್ಟಿದ ಮನೆತನ ನಮ್ಮದು. ಹೆಂಡದಂಗಡಿಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿಯುವುದನ್ನು ನನಗೆ ಕಲಿಸಿದವಳೇ ಈ ಅಕ್ಕ.

ದಾಂಡೇಲಿಯಲ್ಲಿ ಎಲ್ಲೆಡೆ ಸಾಗವಾನಿಯ ಹೊಟ್ಟಿನ ವಾಸನೆ. ಅಂಗಡಿಯವ ಗೋವೆಯ ಕಡೆಯವ, ಕೊಂಕಣಿ ಬೆರೆಸಿ ಮಾತಾಡುತ್ತಿದ್ದ. ಧೂಳು ಒರೆಸಿ ಎರಡು ಬಾಟಲಿ ಇಟ್ಟ; ಇದ್ದವೇ ಅವೆರಡು. ಬಾಟಲಿಗೆ ಅಂಟಿಸಿದ ಚೀಟಿಯನ್ನು ನಾನು ಓದಿದೆ. ಓಟ್ ಎಂಬ ಧಾನ್ಯದ್ದು, ಕಡುಗಪ್ಪು, ಚಾಕಲೇಟಿನ ರುಚಿ, ಬಲವರ್ಧಕ ಎಂದಿತ್ತು. ಓಟ್ ಎಂದರೆ ಸಾಹೇಬರ ಕುದುರೆಗೆ ಹಾಕುವುದು. ಅಕ್ಕನಿಗೆ ಇಷ್ಟನ್ನು ಮಾತ್ರ ಹೇಳಬಾರದೆಂದು ನಿಶ್ಚಯಿಸಿದೆ.

ಹುಳಿ ಬಂದಿಲ್ಲವಷ್ಟೆ ಎಂದು ಕೇಳಿದ್ದಕ್ಕೆ ಅವ, "ಲಡಾಯಿ ಸುರು ಆದಮ್ಯಾಲ ಹೊಸಾ ಮಾಲ ಬಂದಿಲ್ಲ ಮಾಸ್ತರ. ಒಳಗಿಂದು ದೇವರಿಗೆ ಗೊತ್ತು" ಎಂದ. ಯಾವ ದೇವರು ಎಂದು ಹೇಳಲಿಲ್ಲ.

ಮರುದಿನ ಹಳಿಯಾಳದಿಂದ ಮುಂಡಗೋಡದ ಮೋಟಾರು ಹತ್ತಿದೆ. ಡ್ರೈವರ ಹುಸೇನಸಾಬರು ಹಳೆಯ ಪರಿಚಯದವರು. ಬಾಟಲಿಗಳನ್ನು ಧೋತರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟು, ಚೀಲವನ್ನು ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಮೂಲೆಯಲ್ಲಿ ಇರಿಸಿದೆ. ಅದರ ಆಚೆಗೇ ಮೋಟಾರಿನ ಒಲೆ ಇದೆಯೆಂಬುದು ವಿದ್ಯಾವಂತನಾದ ನನಗೆ ಹೊಳೆಯಲಿಲ್ಲ. ಕಲಘಟಗಿ ದಾಟಿದ ಮೇಲೆ ಚೀಲದೊಳಗೆ ಪಿಸುಗುಟ್ಟುವ ಸದ್ದಾಯಿತು, ಆಮೇಲೆ ತುಪಾಕಿ ಹಾರಿದಂತೆ ಢಮ್ಮೆಂದಿತು. ಟಾಯರು ಒಡೆಯಿತೆಂದು ಎಲ್ಲರೂ ಕೆಳಗಿಳಿದರು. ನನ್ನ ಧೋತರದಿಂದ ಕಂದು ನೊರೆ ಉಕ್ಕುತ್ತಿತ್ತು.

ಮಂದಿ ಬೇವಿನ ನೆರಳಿಗೆ ಹೋದರು. ಹುಸೇನಸಾಬರು ಒಲೆ ಕೆದರುವ ನೆವದಲ್ಲಿ ಹತ್ತಿರ ಬಂದರು. ಒಂದು ಬಾಟಲಿಯ ಬೂಚು ಹಾರಿ, ಅರ್ಧ ಉಳಿದಿತ್ತು. ನಾನು ಎಲ್ಲವನ್ನೂ ಹೇಳಿದೆ.

"ಹಂಗಾರ ಛಲೋನ ಆತು," ಎಂದರು ಅವರು. "ಹೆಂಗೂ ಬಾಯಿ ತಗದೈತಿ, ರುಚಿ ನೋಡಿಬಿಡ್ರಿ. ಹುಳಿ ಐತಿಲ್ಲೋ ಗೊತ್ತಾಕ್ಕೈತಿ."

"ನೀವ ನೋಡ್ರಲ್ಲ, ಸಾಬರ."

"ನಮಗ ಹರಾಮ್ರಿ. ಮತ್ತ ಅಕ್ಕ ನಿಮ್ಮಕ್ಕ."

ಅಂಗಿಯ ಮೇಲಿನಿಂದ ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಕ್ಷಮೆ ಬೇಡಿದೆ. ಹುಸೇನಸಾಬರು ಸಭ್ಯತೆಯಿಂದ ಆ ಕಡೆ ಮುಖ ತಿರುಗಿಸಿದರು. ಗುಟುಕರಿಸಿದೆ.

ಓದುಗರು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಬರೆಯುತ್ತೇನೆ. ಬಣ್ಣ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯದು. ನೊರೆ ಮಾತ್ರ ಆಗ ಕರೆದ ಹಾಲಿನಂತೆ ದಪ್ಪ. ಮೂಗಿಗೆ ಮೊದಲು ಬಂದದ್ದು ಹಂಚಿನ ಮೇಲೆ ಮರೆತುಬಿಟ್ಟ ಜೋಳದ ರೊಟ್ಟಿಯ ವಾಸನೆ. ನಾಲಿಗೆಗೆ ನೆಲಬೇವಿನ ಕಷಾಯದ ಕಹಿ, ಅದರ ಬೆನ್ನಿಗೆ ಸಕ್ಕರೆ ಹಾಕದ ಕಾಫಿ. ನುಂಗುವಾಗ ಅಂಬಲಿಯಂತೆ ನುಣ್ಣಗೆ ಇಳಿಯಿತು. ಅದು ಕುದುರೆಯ ಧಾನ್ಯದ ಉಪಕಾರವಿರಬೇಕು. ಚಾಕಲೇಟನ್ನು ನಾನು ಅದುವರೆಗೆ ಒಮ್ಮೆ ಮಾತ್ರ ತಿಂದಿದ್ದೆ, ಶಾಲೆಯ ತಪಾಸಣೆಗೆ ಬಂದ ಸಾಹೇಬರು ಕೊಟ್ಟದ್ದು, ಕರಗಿ ಕಾಗದಕ್ಕೆ ಅಂಟಿದ್ದು. ಎಲ್ಲ ಇಳಿದ ಮೇಲೆ ಗಂಟಲಲ್ಲಿ ಅದೇ ರುಚಿ ಉಳಿಯಿತು: ಪಾಕಕ್ಕಿಟ್ಟ ಬೆಲ್ಲ ತಳ ಹಿಡಿದು, ಸಿಹಿ ಹೋಗಿ ಘಮ ಉಳಿದಂತೆ. ಕಿವಿ ಬೆಚ್ಚಗಾದವು. ಹುಳಿ ಮಾತ್ರ ಎಲ್ಲಿಯೂ ಇರಲಿಲ್ಲ.

"ಹೆಂಗೈತ್ರಿ?" ಎಂದರು ಹುಸೇನಸಾಬರು, ಮುಖ ತಿರುಗಿಸದೆಯೇ.

"ಕೆಟ್ಟಿಲ್ಲ."

"ಸರಕೋ, ನೀವೋ?"

ಅರ್ಧ ಬಾಟಲಿಯ ಬಾಯಿಗೆ ಚಿಂದಿ ತುರುಕಿ, ಅದನ್ನು ಚಿಗಳ್ಳಿಯವರೆಗೂ ಮಗುವಿನಂತೆ ಎದೆಗೆ ಹಿಡಿದುಕೊಂಡು ಕೂತೆ.

ಅಕ್ಕ ಚಾಪೆಯ ಮೇಲೆ ಮಡಚಿಟ್ಟ ಸೀರೆಯಷ್ಟೇ ಆಗಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವಳ ಕಣ್ಣು ನೋಡುತ್ತಲೇ ಉದುರಿಹೋದವು. ಇದು ಸಾಹೇಬರು ಕುಡಿಯುವ ಕಪ್ಪು ಬೀರು, ಡಾಕ್ಟರರು ಔಷಧವೆಂದು ಹೇಳಿದ್ದಾರೆ ಎಂದುಬಿಟ್ಟೆ. ಮಾವ ಎದ್ದು ಹೋಗಿ ತಲೆಬಾಗಿಲು ಹಾಕಿದರು.

ಅಕ್ಕ ಬಾಟಲಿಯ ಕಡೆ ನೋಡಿದಳು. ಆಮೇಲೆ, "ಕುದಸ್ರಿ ಅದನ್ನ," ಎಂದಳು ಗಂಡನಿಗೆ. "ಸುಂಠಿ, ಮೆಣಸು, ಬೆಲ್ಲ ಹಾಕಿ ಅರ್ಧಕ್ಕ ಇಳಸ್ರಿ. ಬೆಂಕಿ ಮುಟ್ಟಿದಮ್ಯಾಲ ಅದು ಹೆಂಡಲ್ಲ, ಕಷಾಯ."

ಯಾವ ಮಠದಲ್ಲಿಯೂ ಇಷ್ಟು ಬೇಗ ಇತ್ಯರ್ಥವಾಗಲಾರದು. ಊರ ಪಂಚರಲ್ಲಿ ಒಬ್ಬರಾದ ಮಾವ ಒಲೆಯ ಮುಂದೆ ಕೂತು ಸ್ಟೌಟನ್ನು ಕುದಿಸಿದರು. ವಿಲಾಯಿತಿಯ ಬಲವೆಲ್ಲ ಹಬೆಯಾಗಿ ಹಂಚಿನ ಸಂದಿಯಿಂದ ಆಕಾಶಕ್ಕೆ ಹೋಯಿತು. ಉಳಿದದ್ದು ಒಂದು ಬಟ್ಟಲು ಕರಿ ಪಾಕ.

ಅಕ್ಕ ಮೂಗು ಹಿಡಿದು ಕುಡಿದಳು. ಕಣ್ಣಲ್ಲಿ ನೀರು ಬಂತು.

"ತಮ್ಮಾ, ಹೊತ್ತಿದ ರೊಟ್ಟಿ ಕಲಸಿ ಕೊಟ್ಟಾರೇನೋ ನಿನಗ?" ಎಂದಳು. "ಇದನ್ನ ಎಷ್ಟ ದಿನಾ ಕುಡೀಬೇಕು?"

"ಹಸಿವಿ ಆಗೂತನಕ ದಿನಾ ಒಂದು ಲೋಟ ಅಂದಾರ. ಮುಗದ್ರ ಹುಬ್ಬಳ್ಳಿಯಿಂದ ತರಸ್ತೇನಿ."

ಅವಳು ಗೋಡೆಯ ಕಡೆ ಹೊರಳಲಿಲ್ಲ. ಮಾವನ ಕಡೆ ಹೊರಳಿದಳು. "ಅದಕಿಂತ ಹೊತ್ತಲಾರದ ರೊಟ್ಟಿನ ಕೊಡ್ರಿ. ತಿಂತೇನಿ."

ಮಾವ ಪಕ್ಕದ ಮನೆಗೆ ಬಿಸಿ ರೊಟ್ಟಿ ಕೇಳಲು ಹೋದರು. ಚಪ್ಪಲಿ ಮೆಟ್ಟುವುದನ್ನೂ ಮರೆತರು. ಪುಂಡಿಸೊಪ್ಪಿನ ಪಲ್ಲೆಯಲ್ಲಿ ಅದ್ದಿದ ಮೊದಲ ತುತ್ತು ಅವಳ ಗಂಟಲಿನಿಂದ ಇಳಿಯುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಹೆಂಡದಂಗಡಿಯ ಮುಂದೆಯೂ ನಾನು ಅಷ್ಟು ಹೊತ್ತು ಹಿಡಿದವನಲ್ಲ. ಎರಡನೆಯ ತುತ್ತನ್ನು ಅವಳೇ ಮುರಿದುಕೊಂಡಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಾನು ಹೊರಡುವ ದಿನ ಮಾವ ಎರಡನೆಯ ಬಾಟಲಿಯನ್ನು ಅಕ್ಕನಿಗೆ ಕಾಣುವಂತೆ ಎದುರಿನ ಗೂಡಿನಲ್ಲಿಟ್ಟರು. ಅವಳ ಊಟ ನಿಧಾನವಾದರೆ ಅವರು ಗೂಡಿನ ಕಡೆ ನೋಡುತ್ತಿದ್ದರು.

ಅಕ್ಕ ಹುಷಾರಾದಳು. ಆ ಬಾಟಲಿಯ ಬೂಚನ್ನು ಇಂದಿಗೂ ತೆಗೆದಿಲ್ಲ.